ಸೋಮವಾರ ಸರಿಮಾಡುವುದು

ಆ ಕಚೇರಿಯ ಮೂರನೇ ಮಹಡಿಯಲ್ಲಿ ಕಿಟಕಿ ಪಕ್ಕದ ಕುರ್ಚಿ ಯಾರದು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಕುರ್ಚಿಯ ಬೆನ್ನಿಗೆ ಮಡಿಚಿ ಹಾಕಿದ ಟವೆಲ್ಲು, ಮೇಜಿನ ಮೇಲೆ ಸಾಲಾಗಿ ಮೂರು ಪರದೆ, ಗೋಡೆಯ ಮೇಲೆ ಗಾಜು ಹಾಕಿಸಿದ ಮೆಚ್ಚುಗೆ ಪತ್ರ, ಅದರ ಕೆಳಗೆ ಐವತ್ತೊಂದು ವರ್ಷದ ಒಬ್ಬ ಮನುಷ್ಯ. ಹುಟ್ಟಿದಾಗ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿತ್ತು. ಉಳಿದಂತೆ ಎಲ್ಲರ ಬಾಯಲ್ಲೂ ಅವರು ನಡುಬಣ್ಣದ ಮೇಷ್ಟ್ರು. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಕೇಳದವರನ್ನೂ ಹಿಡಿದು ನಿಲ್ಲಿಸಿ ಹೇಳಿಕೊಡುವ ಚಟಕ್ಕೆ ಸಿಕ್ಕ ಬಿರುದು ಅದು.

ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಒಂದು ಲೈಬ್ರರಿಯನ್ನು ಅಲ್ಲಿ ಮಾಡುತ್ತಿದ್ದರು. ಲೈಬ್ರರಿ ಎಂದರೆ ಪುಸ್ತಕದ ಬೀರು ಅಲ್ಲ. ಗೆರೆ ಎಳೆಯುವುದು, ಅಕ್ಷರ ಮೂಡಿಸುವುದು, ಬಣ್ಣ ತುಂಬುವುದು, ಇಂಥದ್ದನ್ನೆಲ್ಲ ಮೊದಲೇ ಬರೆದಿಟ್ಟ ಪ್ರೋಗ್ರಾಮುಗಳ ಗಂಟು. ಲಿಫ್ಟಿನೊಳಗಿನ ಪುಟ್ಟ ಪರದೆ, ಟಿಕೆಟ್ ಕೊಡುವ ಯಂತ್ರ, ನೀರಿನ ಟ್ಯಾಂಕಿನ ಮಟ್ಟ ತೋರಿಸುವ ಡಬ್ಬಿ, ಎಲ್ಲದರ ಹೊಟ್ಟೆಯಲ್ಲೂ ಈ ಗಂಟೇ. ಅದರಲ್ಲಿ ಗ್ರೇಡಿಯಂಟ್ ಎನ್ನುವ ಭಾಗ ಮೇಷ್ಟ್ರದು. ಈ ತುದಿಯಲ್ಲಿ ಒಂದು ಬಣ್ಣ, ಆ ತುದಿಯಲ್ಲಿ ಇನ್ನೊಂದು. ನಡುವೆ ಅದು ಇದಾಗಿ ಮೆಲ್ಲಗೆ ಜಾರಬೇಕು, ಅಷ್ಟೇ. ಇಪ್ಪತ್ತೆರಡು ವರ್ಷದ ಹಿಂದೆ ಅದನ್ನು ಬರೆದರು. ಅವತ್ತಿನಿಂದ ಅದನ್ನೇ ಉಂಡು ಅದನ್ನೇ ಹೊದ್ದುಕೊಂಡಿದ್ದರು. ಆ ಕಡತಗಳಲ್ಲಿ ಒಂದು ಸಾಲು ಬದಲಾಗಬೇಕಾದರೂ ಅವರ ಒಪ್ಪಿಗೆ ಬೇಕು ಎಂದು ನಿಯಮವನ್ನೂ ಮಾಡಿಸಿಕೊಂಡಿದ್ದರು.

ಅದು ಸರಿಯಾಗಿದ್ದಿದ್ದರೆ ಮಾತೇ ಇರಲಿಲ್ಲ. ಕೆಂಪಿನಿಂದ ಹಸಿರಿಗೆ ಒಂದು ಪಟ್ಟಿ ಎಳೆದರೆ ಎರಡು ತುದಿಯೂ ಥಳಥಳ, ನಡುವೆ ಬಚ್ಚಲ ನೀರು. ಹಳದಿ ಬೆಳಗಬೇಕಾದ ಜಾಗದಲ್ಲಿ ಕೆಸರು. ಟ್ಯಾಂಕಿನ ಡಬ್ಬಿ ಮಾಡುವ ಕಂಪನಿಯವರು ಒಮ್ಮೆ ಪತ್ರ ಬರೆದರು: ಎಚ್ಚರಿಕೆಯ ಹಳದಿ ಬರಬೇಕಾದ ಕಡೆ ಪರದೆ ಕೊಳೆಯಾದಂತೆ ಕಾಣುತ್ತದೆ, ಜನ ಬಟ್ಟೆ ತಗೊಂಡು ಒರೆಸುತ್ತಾರೆ, ನೀರು ಕಡಿಮೆಯಾದದ್ದು ಗೊತ್ತೇ ಆಗುವುದಿಲ್ಲ. ಬೇರೆ ಯಾರಾದರೂ ಆಗಿದ್ದರೆ ನಾಚಿಕೊಂಡು ಸರಿಮಾಡುತ್ತಿದ್ದರು. ಮೇಷ್ಟ್ರು ಏನು ಮಾಡಿದರು ಗೊತ್ತೆ? ಉಪನ್ಯಾಸ ಶುರುಮಾಡಿದರು!

‘ನಡುಬಣ್ಣ: ಒಂಬತ್ತು ಸೂತ್ರಗಳು.’ ವರ್ಷಕ್ಕೆ ನಾಲ್ಕು ಸಲ, ಎರಡನೇ ಮಹಡಿಯ ಸಭಾಕೊಠಡಿಯಲ್ಲಿ. ಮೊದಲನೇ ಸೂತ್ರ, ಕೆಂಪಿಗೂ ಹಸಿರಿಗೂ ನಡುವೆ ಕೈಯಾರೆ ಒಂದು ಹಳದಿ ಇಡಿ. ಎರಡನೆಯದು, ನೀಲಿಗೂ ಹಳದಿಗೂ ನಡುವೆ ಒಂದು ತಿಳಿ ಬೂದು ಇಡಿ. ಹೀಗೆ ಒಂಬತ್ತು. ತಾವೇ ಕಾಲಿಗೆ ಮುಳ್ಳು ಚುಚ್ಚಿ ಆಮೇಲೆ ಚೆಂದವಾಗಿ ಕುಂಟುವುದು ಹೇಗೆ ಎಂದು ಕಲಿಸುವ ವಿದ್ಯೆ. ಗಿರಾಕಿ ಕಂಪನಿಗಳಿಂದ ಬಂದವರು ಅಡಿಗೆರೆ ಹಾಕಿಕೊಂಡು ಬರೆದುಕೊಳ್ಳುತ್ತಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯ ಮ್ಯಾನೇಜರು ಮುಂದಿನ ಸಾಲಿನಲ್ಲಿ ಕೂತು ತಲೆಯಾಡಿಸುತ್ತಿದ್ದರು. ಗೋಡೆಯ ಮೇಲಿನ ಮೆಚ್ಚುಗೆ ಪತ್ರ ಸಿಕ್ಕಿದ್ದು ಕೂಡ ಇದಕ್ಕೇ.

ಮನೆಯಲ್ಲಿ ಮಾತ್ರ ಈ ಸರಕಿಗೆ ಗಿರಾಕಿ ಇರಲಿಲ್ಲ. ಮೇಷ್ಟ್ರ ಹೆಂಡತಿ ಒಂದು ನಾಟಕದ ಹಾಲಿನಲ್ಲಿ ದೀಪದ ಕೆಲಸ ಮಾಡುವವರು. ಏಣಿ ಹತ್ತಿ ದೀಪ ಕಟ್ಟುವುದು, ಅದರ ಮುಂದೆ ಬಣ್ಣದ ಹಾಳೆ ಸಿಕ್ಕಿಸುವುದು, ನಾಟಕ ನಡೆಯುವಾಗ ಹಿಂದೆ ಕೂತು ಏರಿಸುವುದು, ಇಳಿಸುವುದು. ಬೆರಳುಗಳ ಮೇಲೆಲ್ಲ ಬಿಸಿ ದೀಪ ತಾಗಿದ ಕಲೆ. ಗಂಡ ಬರೆದ ಪಟ್ಟಿಯನ್ನು ಮೊದಲ ಸಲ ನೋಡಿದಾಗ ಅವರು ಮುಖ ಹಿಂಡಿದ್ದರು.

“ಇದೇನ್ರೀ ಇದು, ನಡುವೆ ಹೀಗೆ ಸತ್ತುಬಿದ್ದಿದೆ?”

“ಪರದೆ ಅಂದ್ರೆ ಹಾಗೇ ಕಣೇ. ನಿನ್ನ ಸ್ಟೇಜ್ ಬೇರೆ, ಇದು ಬೇರೆ.”

“ಬೆಳಕು ಬೆಳಕೇ ಅಲ್ವಾ? ಅಲ್ಲಿ ಒಂದು ಥರ, ಇಲ್ಲಿ ಒಂದು ಥರ ಇರತ್ತಾ?”

“ನಿನಗೆ ಅರ್ಥ ಆಗಲ್ಲ ಬಿಡು.”

ಅವರು ಬಿಟ್ಟರು. ಮರೆಯಲಿಲ್ಲ.

ಹೀಗಿರುವಾಗ ಮೂರನೇ ಮಹಡಿಗೆ ಹೊಸಬಳೊಬ್ಬಳು ಬಂದಳು. ಮೂವತ್ತಾರು ವಯಸ್ಸು, ಎರಡು ಮಕ್ಕಳ ತಾಯಿ. ಮೊದಲು ಟೀವಿ ತಯಾರಿಸುವ ಕಾರ್ಖಾನೆಯಲ್ಲಿ ಪರದೆಗಳ ಬೆಳಕು ಅಳೆಯುತ್ತಿದ್ದಳು. ಮಕ್ಕಳಾದ ಮೇಲೆ ಆರು ವರ್ಷ ಮನೆಯಲ್ಲಿದ್ದು, ಊಟದ ಮೇಜಿನ ಮುಂದೆ ಕೂತು ಪ್ರೋಗ್ರಾಮು ಬರೆಯಲು ಕಲಿತು, ಹದಿನೇಳು ಕಡೆ ಅರ್ಜಿ ಹಾಕಿ ಹದಿನಾರು ಕಡೆ ಇಲ್ಲ ಎನ್ನಿಸಿಕೊಂಡು ಇಲ್ಲಿಗೆ ಸೇರಿದ್ದಳು. ಅದೂ ಆರು ತಿಂಗಳ ಪರೀಕ್ಷೆಯ ಮೇಲೆ. ಆರು ತಿಂಗಳೊಳಗೆ ಅವಳದೇ ಆದ ಒಂದು ದೊಡ್ಡ ಬದಲಾವಣೆ ಲೈಬ್ರರಿಗೆ ಸೇರಬೇಕು. ಸೇರಿದರೆ ಕೆಲಸ ಕಾಯಂ, ಸೇರದಿದ್ದರೆ ಮನೆ. ಹದಿನೆಂಟನೇ ಅರ್ಜಿ ಹಾಕುವ ಶಕ್ತಿ ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಅವಳ ಕೈಚೀಲದಲ್ಲಿ ಕಾರ್ಖಾನೆಯ ಕಾಲದ ಒಂದು ಬೆಳಕಿನ ಮೀಟರು ಇತ್ತು, ಸೋಪಿನ ಡಬ್ಬಿಯಷ್ಟು ದೊಡ್ಡದು. ನಾಲ್ಕನೇ ತಿಂಗಳಲ್ಲಿ ಒಂದು ದಿನ ಅದನ್ನು ಆ ಕೆಸರಿನ ಪಟ್ಟಿಗೆ ಹಿಡಿದು ನೋಡಿದಳು. ಮತ್ತೆ ನೋಡಿದಳು. ಆಮೇಲೆ ಮೇಷ್ಟ್ರ ಮೇಜಿನ ಬಳಿ ಬಂದು ನಿಂತಳು.

“ಸರ್, ಪೂರ್ತಿ ಬೆಳಕಿಗೆ ಇನ್ನೂರೈವತ್ತೈದು ಅನ್ನೋ ಸಂಖ್ಯೆ, ಅರ್ಧ ಬೆಳಕಿಗೆ ಅದರ ಅರ್ಧ ನೂರಿಪ್ಪತ್ತೆಂಟು ಅಂತ ನಾವು ಹಾಕ್ತಿದ್ದೀವಿ. ಆದ್ರೆ ಪರದೆ ನೂರಿಪ್ಪತ್ತೆಂಟಕ್ಕೆ ಅರ್ಧ ಬೆಳಕು ಕೊಡಲ್ಲ. ಐದರಲ್ಲಿ ಒಂದು ಪಾಲು ಕೊಡತ್ತೆ, ಮೀಟರು ನೋಡಿ. ಅರ್ಧ ಬೆಳಕು ಬೇಕು ಅಂದ್ರೆ ನೂರ ಎಂಬತ್ತೆಂಟು ಆಗ್ಬೇಕು. ನಾವು ಬೆಳಕು ಬೆರೆಸ್ತಿಲ್ಲ ಸರ್, ಬರೀ ಸಂಖ್ಯೆ ಬೆರೆಸ್ತಿದ್ದೀವಿ. ಅದಕ್ಕೇ ನಡುವೆ ಕೆಸರು.”

ಮೇಷ್ಟ್ರು ಮುಖಕ್ಕೆ ಉಪನ್ಯಾಸದ ನಗೆ ತಂದುಕೊಂಡರು.

“ನೋಡಮ್ಮ, ನೀನಿನ್ನೂ ಹೊಸಬಳು. ಇದು ಇಪ್ಪತ್ತೆರಡು ವರ್ಷದಿಂದ ನಡೀತಾ ಇರೋ ಕೋಡು.”

“ಹೌದು ಸರ್. ಇಪ್ಪತ್ತೆರಡು ವರ್ಷದಿಂದ ತಪ್ಪಾಗಿ ನಡೀತಿದೆ.”

ಪಕ್ಕದ ಮೇಜಿನ ಅಕ್ಷರದವನು ಜೋರಾಗಿ ಕೆಮ್ಮಿದ. ಲೈಬ್ರರಿಯಲ್ಲಿ ಅಕ್ಷರ ಮೂಡಿಸುವ ಭಾಗ ಇವನದು. ಯಾರು ಏನು ತಂದು ತೋರಿಸಿದರೂ ಓದದೆ ‘ಒಪ್ಪಿದೆ’ ಒತ್ತಿ ಟೀ ಕುಡಿಯಲು ಹೋಗುವ ಸಜ್ಜನ. ಅವತ್ತೂ ಟೀ ಕುಡಿಯಲು ಎದ್ದುಹೋದ.

ಹೊಸಬಳು ಸುಮ್ಮನೆ ಕೂರಲಿಲ್ಲ. ಸಂಖ್ಯೆಯನ್ನು ಮೊದಲು ಬೆಳಕಿನ ಅಳತೆಗೆ ತಿರುಗಿಸಿ, ಬೆಳಕನ್ನು ಬೆರೆಸಿ, ಮತ್ತೆ ಸಂಖ್ಯೆಗೆ ತಿರುಗಿಸುವಂತೆ ಎಲ್ಲವನ್ನೂ ಹೊಸದಾಗಿ ಬರೆದಳು. ಒಂಬೈನೂರು ಸಾಲು. ನಡುವೆ ಹಳದಿ ಬೆಳಗಿತು. ಅವಳು ಅದನ್ನು ಮೇಷ್ಟ್ರ ಒಪ್ಪಿಗೆಗೆ ಕಳಿಸಿದಳು. ಆರು ತಿಂಗಳು ಮುಗಿಯಲು ಇನ್ನು ಮೂರು ವಾರವಿತ್ತು.

ಈಗ ಆ ಕಚೇರಿಯ ಒಂದು ಪದ್ಧತಿ ಹೇಳಬೇಕು. ಲೈಬ್ರರಿ ಬರೆದ ಚಿತ್ರಗಳ ಒಂದು ರಾಶಿಯನ್ನು ಅವರು ಕಾಪಿಟ್ಟಿದ್ದರು, ಅವುಗಳಿಗೆ ಸಾಕ್ಷಿಚಿತ್ರ ಎನ್ನುತ್ತಿದ್ದರು. ಯಾರು ಏನು ಬದಲಿಸಿದರೂ ಹೊಸ ಚಿತ್ರ ಆ ಹಳೇ ಚಿತ್ರದ ಹಾಗೆಯೇ ಬರಬೇಕು. ಒಂದು ಚುಕ್ಕೆ ಬೇರೆಯಾದರೂ ಯಂತ್ರ ಕೆಂಪು ದೀಪ ಹಚ್ಚುತ್ತದೆ. ಒಳ್ಳೆಯ ಪದ್ಧತಿಯೇ, ಇಲ್ಲ ಎನ್ನುವುದಿಲ್ಲ. ಆದರೆ ಗ್ರೇಡಿಯಂಟಿನ ಸಾಕ್ಷಿಚಿತ್ರಗಳನ್ನು ಮಾಡಿದ್ದು ಯಾರು? ಮೇಷ್ಟ್ರ ಅದೇ ಕೋಡು! ಕಳ್ಳನ ಪರವಾಗಿ ಅವನ ತಮ್ಮನೇ ಸಾಕ್ಷಿ ಹೇಳಿದ ಹಾಗೆ. ಹೊಸಬಳ ಬದಲಾವಣೆಗೆ ನಾನೂರ ಹನ್ನೆರಡು ಕೆಂಪು ದೀಪ ಹತ್ತಿದವು.

ಮೇಷ್ಟ್ರಿಗೆ ಹೋದ ಜೀವ ಬಂತು. ಅವಳ ಬದಲಾವಣೆಯ ಮೊದಲನೇ ಪುಟದಲ್ಲೇ ಆ ಅಂಕಿ ಕಂಡಿತು, ಮುಂದಕ್ಕೆ ಓದುವ ಗೊಡವೆಗೇ ಅವರು ಹೋಗಲಿಲ್ಲ.

“ನಾನೂರ ಹನ್ನೆರಡು ಚಿತ್ರ ಫೇಲಾಗಿದೆಯಲ್ಲಮ್ಮ! ಹೀಗೆ ಹೇಗೆ ಒಪ್ಪಲಿ?”

“ಆ ಚಿತ್ರಗಳೇ ತಪ್ಪು ಸರ್.”

“ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದಳಂತೆ.” ಎಲ್ಲರಿಗೂ ಕೇಳಲಿ ಎಂದೇ ಸ್ವಲ್ಪ ದನಿಯೇರಿಸಿದರು. “ಒಂದೊಂದು ಚಿತ್ರಕ್ಕೂ ಒಂದೊಂದು ಪುಟ ಬರಿ. ಏನು ಬದಲಾಯ್ತು, ಯಾಕೆ ಬದಲಾಯ್ತು, ಹಳೇದಕ್ಕಿಂತ ಹೇಗೆ ಸರಿ. ಎಲ್ಲಾ ಬರೆದು ತಾ, ಆಮೇಲೆ ನೋಡೋಣ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಲ್ಲ ಎಂದು ಅವರು ಹೇಳಲೇ ಇಲ್ಲ ನೋಡಿ! ಮೂರು ವಾರದಲ್ಲಿ ನಾನೂರ ಹನ್ನೆರಡು ಪುಟ ಯಾರಿಂದಲೂ ಆಗದ ಮಾತು. ತಿಂಗಳು ಮುಗಿಯುತ್ತದೆ, ಹೊಸಬಳು ತಾನಾಗಿ ಹೋಗುತ್ತಾಳೆ, ಕೆಸರು ಕೆಸರಾಗಿಯೇ ಉಳಿಯುತ್ತದೆ, ಒಂಬತ್ತು ಸೂತ್ರ ಚಿರಂಜೀವಿಯಾಗುತ್ತದೆ. ಇದು ಹೊಟ್ಟೆಕಿಚ್ಚಲ್ಲ, ಜವಾಬ್ದಾರಿ ಎಂದು ಮೇಷ್ಟ್ರು ತಮಗೆ ತಾವೇ ಹೇಳಿಕೊಂಡರು. ನಾಚಿಕೆ ಬೇಡವೆ!

ಹೊಸಬಳು ಬರೆದಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಮೀಟರು ಹಿಡಿದು ಕೂರುತ್ತಿದ್ದಳು. ಊಟದ ಡಬ್ಬಿಯನ್ನು ಕೀಬೋರ್ಡಿನ ಪಕ್ಕದಲ್ಲೇ ತೆರೆದಿಟ್ಟುಕೊಂಡು, ಒಂದು ತುತ್ತು, ಎರಡು ಸಾಲು. ಒಂದು ದಿನ ಮಗಳಿಗೆ ಜ್ವರ ಎಂದು ಫೋನು ಬಂತು. “ಅಜ್ಜಿ ಹತ್ರ ಮಲ್ಕೋ ಚಿನ್ನಾ, ಬರ್ತೀನಿ” ಎಂದು ಹೇಳಿ ಫೋನಿಟ್ಟು, ಕಣ್ಣೊರೆಸಿಕೊಂಡು, ಇನ್ನೂರ ಅರವತ್ತನೇ ಪುಟ ಬರೆದಳು. ಮೇಷ್ಟ್ರು ಅದನ್ನು ಕಂಡರು. ಕಂಡೂ ಕಿಟಕಿಯ ಕಡೆ ತಿರುಗಿದರು. ಮೂರನೇ ವಾರದ ಶುಕ್ರವಾರ ನಾನೂರ ಹನ್ನೆರಡನೇ ಪುಟ ಮೇಷ್ಟ್ರ ಮುಂದೆ ಬಂತು. ಮಂಗಳವಾರಕ್ಕೆ ಅವಳ ಗಡುವು. ಇನ್ನು ಬೇಕಾದದ್ದು ಮೇಷ್ಟ್ರ ಒಂದು ಒತ್ತು ಮಾತ್ರ.

“ನೋಡ್ತೀನಮ್ಮ. ಗಿರಾಕಿಗಳು ಏನಂತಾರೋ ಅದನ್ನೂ ಯೋಚನೆ ಮಾಡ್ಬೇಕಲ್ಲ.”

“ಕೇಳಿದ್ದೀನಿ ಸರ್. ಯಾವಾಗ ಬರತ್ತೆ ಅಂತ ಕೇಳಿದ್ರು.”

ಭಾನುವಾರ ಬೆಳಿಗ್ಗೆ ಹೆಂಡತಿಗೆ ನಾಟಕದ ಹಾಲಿನಲ್ಲಿ ತಾಲೀಮು. ಏಣಿ ಹಿಡಿಯುವವನು ಬಂದಿಲ್ಲ, ನೀವೇ ಬನ್ನಿ ಎಂದು ಗಂಡನನ್ನು ಎಳೆದುಕೊಂಡು ಹೋದರು. ಖಾಲಿ ಕುರ್ಚಿಗಳ ಸಾಲು, ಧೂಳಿನ ವಾಸನೆ, ವೇದಿಕೆಯ ಹಿಂದೆ ತೂಗುಬಿಟ್ಟ ಬಿಳಿ ಬಟ್ಟೆ. ಏಣಿ ಹಿಡಿದು ನಿಂತಾಗ ಮೇಷ್ಟ್ರ ಬಾಯಿ ಸುಮ್ಮನಿರಲಿಲ್ಲ. ಹೊಸಬಳ ಅಹಂಕಾರ, ನಾನೂರ ಹನ್ನೆರಡು ಚಿತ್ರ, ಹಿರಿಯರೆಂದರೆ ಲೆಕ್ಕವೇ ಇಲ್ಲ ಎಂದು ದೂರುತ್ತಲೇ ಇದ್ದರು. ಹೆಂಡತಿ ಏಣಿ ಇಳಿದು ಬಂದು ಬಟ್ಟೆಯ ಎಡಕ್ಕೆ ಕೆಂಪು ದೀಪ ಬಿಟ್ಟರು, ಬಲಕ್ಕೆ ಹಸಿರು ದೀಪ ಬಿಟ್ಟರು. ಎರಡನ್ನೂ ನಡುವಿಗೆ ಸರಿಸಿದರು. ಎರಡೂ ಸೇರಿದ ಕಡೆ ನಿಂಬೆಹಣ್ಣಿನಂಥ ಹಳದಿ.

“ಎಲ್ಲಿ ರೀ ನಿಮ್ಮ ಕೆಸರು?”

ಮೇಷ್ಟ್ರು ಬಗ್ಗಿ ಏಣಿಯ ಕಾಲು ಸರಿಮಾಡತೊಡಗಿದರು.

“ನಮ್ಮ ಮದುವೆ ಆದ ವರ್ಷ ಇದೇ ಬಟ್ಟೆ ಮೇಲೆ ಇದನ್ನೇ ತೋರಿಸಿದ್ದೆ. ಶುಕ್ರವಾರ ಅವತ್ತು. ನೀವು ನೋಡಿ ‘ಅಯ್ಯೋ, ಹೌದಲ್ಲೇ’ ಅಂದ್ರಿ. ಆಫೀಸಿಗೆ ವಾಪಸ್ ಓಡಿದ್ರಿ. ಆಮೇಲೆ ಕೇಳಿದ್ರೆ ನಿನಗೆ ಅರ್ಥ ಆಗಲ್ಲ ಅಂದ್ರಿ. ನನಗೆ ಅರ್ಥ ಆಗದೇ ಇದ್ದದ್ದು ನಿಮ್ಮ ಬಣ್ಣ ಅಲ್ಲ, ನೀವು.”

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಮೇಷ್ಟ್ರು ಬಾಯಿ ಬಿಡಲಿಲ್ಲ. ಆದರೆ ಎಲ್ಲ ನೆನಪಾಯಿತು. ಅವತ್ತು ಆಫೀಸಿಗೆ ಓಡಿದ್ದು ನಿಜ. ಮರುದಿನ ಮಾಲೀಕರ ಮುಂದೆ ಪ್ರದರ್ಶನವಿತ್ತು, ಸರಿಮಾಡಲು ಹೊತ್ತಿರಲಿಲ್ಲ. ಅದಕ್ಕೆ ಕೋಡಿನ ನಡುವೆ ಒಂದು ಟಿಪ್ಪಣಿ ಬರೆದಿಟ್ಟರು. ಯಂತ್ರ ಓದದ, ಮನುಷ್ಯರಿಗೆಂದೇ ಬರೆಯುವ ಸಾಲು: ‘ಇಲ್ಲಿ ಸಂಖ್ಯೆಗಳನ್ನೇ ಬೆರೆಸಿದೆ. ಇದು ತಪ್ಪು. ಸೋಮವಾರ ಸರಿಮಾಡುವುದು.’ ಶನಿವಾರ ಚಪ್ಪಾಳೆ ಬಿತ್ತು. ಸೋಮವಾರ ಕಿಟಕಿ ಪಕ್ಕದ ಕುರ್ಚಿ ಸಿಕ್ಕಿತು. ಕುರ್ಚಿ ಸಿಕ್ಕ ಮೇಲೆ ತಪ್ಪು ಎಂದು ಒಪ್ಪಿಕೊಳ್ಳುವುದು ಹೇಗೆ? ಮುಂದಿನ ಸೋಮವಾರ ನೋಡಿದರಾಯಿತು. ಹಾಗೆ ಸಾವಿರದ ನೂರು ಸೋಮವಾರಗಳಾದರೂ ಬಂದು ಹೋಗಿದ್ದವು.

ಇಷ್ಟು ನೆನಪಾದವರು ಏನು ಮಾಡಬೇಕು? ಸೋಮವಾರ ಹೋಗಿ ಹೊಸಬಳ ಬದಲಾವಣೆಗೆ ಒಪ್ಪಿಗೆ ಒತ್ತಬೇಕು. ಮೇಷ್ಟ್ರಿಗೆ ಮಾತ್ರ ಬೇರೆಯದೇ ಚಿಂತೆ ಹತ್ತಿತು. ಆ ಟಿಪ್ಪಣಿ ಇನ್ನೂ ಅಲ್ಲೇ ಇದೆ! ಯಾರಾದರೂ ನೋಡಿದರೆ? ತಪ್ಪು ಗೊತ್ತಿದ್ದೂ ಇಪ್ಪತ್ತೆರಡು ವರ್ಷ ಸೂತ್ರ ಮಾರಿದ ಎಂದಾಗುತ್ತದಲ್ಲ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಎಂದು ಕೂಗುವ ಮೊದಲೇ ಈ ಮಹಾಶಯರು ಹೆಗಲು ತೊಳೆಯಲು ಹೊರಟರು.

ಸೋಮವಾರ ಎಂಟು ಗಂಟೆಗೇ ಬಂದು, ಟವೆಲ್ಲಿನಿಂದ ಬೆವರು ಒರೆಸಿಕೊಂಡು, ಆ ಒಂದು ಸಾಲನ್ನು ಅಳಿಸಿದರು. ಅಳಿಸಿದರೆ ಮುಗಿಯಿತೆ? ಆ ಕಚೇರಿಯಲ್ಲಿ ಒಂದು ಅಲ್ಪವಿರಾಮ ತೆಗೆದರೂ ಅದೊಂದು ಬದಲಾವಣೆ; ಬರೆದವರು ಯಾರೇ ಆಗಲಿ, ಇನ್ನೊಬ್ಬರು ನೋಡಿ ಒಪ್ಪಬೇಕು. ಯಾರು ನೋಡಬೇಕೆಂದು ಯಂತ್ರವೇ ಸರದಿಯ ಮೇಲೆ ಹಂಚುತ್ತದೆ. ಉಳಿದವರ ಅಂಚೆಪೆಟ್ಟಿಗೆಗೂ ಒಂದು ಪ್ರತಿ ಹೋಗುತ್ತದೆ, ಸಾಮಾನ್ಯವಾಗಿ ಯಾರೂ ತೆರೆಯುವುದಿಲ್ಲ. ಈ ವಾರ ಅಕ್ಷರದವನ ಸರದಿ ಎಂದು ಮೇಷ್ಟ್ರಿಗೆ ಗೊತ್ತಿತ್ತು. ಅವನು ಓದುವವನಲ್ಲ, ಒತ್ತುವವನು. ‘ಸಣ್ಣ ಶುಚಿ ಕೆಲಸ’ ಎಂದು ತಲೆಬರಹ ಕೊಟ್ಟು ಕಳಿಸಿ, ನೆಮ್ಮದಿಯಿಂದ ಕಾಫಿ ತರಲು ಹೋದರು.

ಅಕ್ಷರದವನು ಅವತ್ತು ಹಲ್ಲುನೋವೆಂದು ರಜೆ ಹಾಕಿದ್ದ. ಯಂತ್ರ ಸರದಿಯನ್ನು ಮುಂದಿನವರಿಗೆ ದಾಟಿಸಿತ್ತು. ಕಾಫಿ ಹಿಡಿದು ವಾಪಸು ಬಂದ ಮೇಷ್ಟ್ರಿಗೆ ಎದುರು ಸಾಲಿನ ಮೇಜಿನ ಪರದೆ ಕಂಡಿತು. ಅದು ಹೊಸಬಳದು. ಪರದೆಯ ತುಂಬಾ ಒಂದೇ ಒಂದು ಸಾಲು, ತೆಗೆದದ್ದೆಂದು ತೋರಿಸುವ ಕೆಂಪು ಬಣ್ಣದಲ್ಲಿ, ಪಕ್ಕದಲ್ಲಿ ಬರೆದವರ ಹೆಸರು, ಇಪ್ಪತ್ತೆರಡು ವರ್ಷದ ಹಿಂದಿನ ಒಂದು ಶುಕ್ರವಾರದ ತಾರೀಕು. ‘ಇದು ತಪ್ಪು. ಸೋಮವಾರ ಸರಿಮಾಡುವುದು.’ ಒಂಬೈನೂರು ಸಾಲಿನ ನಡುವೆ ಯಾರ ಕಣ್ಣಿಗೂ ಬೀಳದೆ ಇರುತ್ತಿದ್ದ ಸಾಲನ್ನು ಒಂಟಿಯಾಗಿ ಎತ್ತಿ, ಕಿರೀಟ ತೊಡಿಸಿ, ಇಡೀ ತಂಡದ ಅಂಚೆಪೆಟ್ಟಿಗೆಗೆ ತಮ್ಮ ಕೈಯಾರೆ ಕಳಿಸಿದ್ದರು ಮೇಷ್ಟ್ರು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿಕೊಂಡು, ಅದನ್ನು ತಮ್ಮ ಕಾಲ ಮೇಲೇ ಹಾಕಿಕೊಂಡಿದ್ದರು.

ಮಹಡಿಯ ತುಂಬಾ ಕುರ್ಚಿಗಳು ಕಿರುಗುಟ್ಟಿದವು. ಯಾರೋ ಒಬ್ಬರು ನಗು ತಡೆಯಲಾರದೆ ಸೀನಿದ ಹಾಗೆ ಮಾಡಿದರು. ಹೊಸಬಳು ಮಾತ್ರ ನಗಲಿಲ್ಲ. ಎದ್ದು ಬರಲೂ ಇಲ್ಲ. ಆ ಸಾಲಿನ ಕೆಳಗೆ ತನ್ನ ಉತ್ತರ ಬರೆದಳು, ಎಲ್ಲರಿಗೂ ಕಾಣುವಂತೆ:

‘ಸರ್, ಈ ಸಾಲನ್ನು ತೆಗೆಯುವುದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಇದನ್ನು ನಾನು ಮೂರು ವಾರದ ಹಿಂದೆಯೇ ತೆಗೆದಿದ್ದೇನೆ. ನನ್ನ ಬದಲಾವಣೆಯ ಎರಡನೇ ಪುಟ, ಮೇಲಿನಿಂದ ಆರನೇ ಸಾಲು. ತಾವು ಓದಿರುತ್ತೀರಿ ಅಂದುಕೊಂಡಿದ್ದೆ.’

ಮೇಷ್ಟ್ರು ಕಾಫಿ ಕೆಳಗಿಟ್ಟು ಅವಳ ಬದಲಾವಣೆ ತೆರೆದರು. ಎರಡನೇ ಪುಟ, ಆರನೇ ಸಾಲು. ಇತ್ತು. ಸದ್ದಿಲ್ಲದೆ, ಒಂದು ಮಾತೂ ಬರೆಯದೆ, ಯಾರಿಗೂ ತೋರಿಸದೆ ಅವಳು ಅದನ್ನು ತೆಗೆದುಹಾಕಿದ್ದಳು. ಮೊದಲ ದಿನವೇ ಅದನ್ನು ಓದಿದ್ದಳು. ಮೂರು ವಾರ ಅದನ್ನು ಕೈಯಲ್ಲಿಟ್ಟುಕೊಂಡು, ಎಲ್ಲರೆದುರು ಡೊಂಕು ನೆಲದ ಗಾದೆ ಹೇಳಿಸಿಕೊಂಡು, ಮಗಳ ಜ್ವರವನ್ನು ಅಜ್ಜಿಗೆ ಬಿಟ್ಟು, ನಾನೂರ ಹನ್ನೆರಡು ಪುಟ ಬರೆದಿದ್ದಳು. ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಮೇಷ್ಟ್ರು ಒಂದು ಪುಟ ಮುಂದಕ್ಕೆ ಓದಿದ್ದರೆ ಸಾಕಿತ್ತು. ಓದಲಿಲ್ಲ.

ಅವರಿಗೆ ತುಂಬಾ ಅವಮಾನವಾಯಿತು. ಆಗಬೇಕಾದದ್ದೇ. ಒಂಬೈನೂರು ಸಾಲನ್ನೂ ಕೂತು ಓದಿದರು, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಇನ್ನೊಬ್ಬರ ಕೆಲಸವನ್ನು ಮೊದಲಿಂದ ಕೊನೆಯವರೆಗೆ. ಎಲ್ಲೂ ತಪ್ಪು ಸಿಗಲಿಲ್ಲ. ಸಿಗಲಿ ಎಂದು ಮನಸ್ಸಿನ ಮೂಲೆಯಲ್ಲಿ ಇನ್ನೂ ಹಾರೈಸುತ್ತಿದ್ದರು, ಸುಳ್ಳು ಯಾಕೆ ಹೇಳುವುದು. ನಾಲ್ಕು ಗಂಟೆಗೆ ‘ಒಪ್ಪಿದೆ’ ಒತ್ತಿದರು. ಹೊಸಬಳು ತನ್ನ ಮೇಜಿನಿಂದಲೇ “ಥ್ಯಾಂಕ್ಸ್ ಸರ್” ಎಂದಳು, ಫೋನು ತಗೊಂಡು ಮೆಟ್ಟಿಲ ಕಡೆ ನಡೆದಳು. ಮರುದಿನ ಅವಳ ಕೆಲಸ ಕಾಯಂ ಆಯಿತು. ಕೈಪಿಡಿಯಿಂದ ಒಂಬತ್ತು ಸೂತ್ರದ ಅಧ್ಯಾಯ ಕೈಬಿಡಲಾಯಿತು. ಮ್ಯಾನೇಜರು ಅದಕ್ಕೂ ತಲೆಯಾಡಿಸಿದರು.

ಆ ಸೋಮವಾರ ಸಂಜೆ ಮೇಷ್ಟ್ರು ಮನೆಗೆ ಬಂದಾಗ ಹೆಂಡತಿ ಊಟದ ಮೇಜಿನ ಮೇಲೆ ಬಣ್ಣದ ಹಾಳೆ ಕತ್ತರಿಸುತ್ತಿದ್ದರು.

“ಏನಾಯ್ತು?”

“ಸರಿ ಆಯ್ತು. ಈಗ ಹಳದಿ ಬರತ್ತೆ.”

“ಯಾರು ಮಾಡಿದ್ದು?”

“ನಾವೇ, ಆಫೀಸಿನಲ್ಲಿ.”

ಕತ್ತರಿ ನಿಂತಿತು. “ನಾವು ಅಂದ್ರೆ?”

ಮೇಷ್ಟ್ರು ಚಪ್ಪಲಿ ಬಿಡಲು ಬಹಳ ಹೊತ್ತು ತೆಗೆದುಕೊಂಡರು.

“ಹೊಸಬಳು,” ಎಂದರು. “ಅವಳೊಬ್ಬಳೇ.”

“ಒಂದು ಭಾನುವಾರ ಹಾಲಿಗೆ ಕರ್ಕೊಂಡು ಬನ್ನಿ ಅವಳನ್ನ. ಮಕ್ಕಳನ್ನೂ ಕರ್ಕೊಂಡು ಬರಲಿ. ಮೇಲೆ ಹತ್ತಿಸಿ ದೀಪ ತೋರಿಸ್ತೀನಿ.”

“ಆಯ್ತು. ನಾನು ಏನು ಮಾಡ್ಲಿ?”

“ನೀವು ಏಣಿ ಹಿಡ್ಕೊಳ್ಳಿ,” ಎಂದು ಹೆಂಡತಿ ಮತ್ತೆ ಕತ್ತರಿ ತೆಗೆದುಕೊಂಡರು.